ಗ್ರೀಕ್ ಸಂಸ್ಕೃತಿ ಮತ್ತು ಕರ್ನಾಟಕ

ಪ್ರಾಚೀನ ಗ್ರೀಕರ ಭಾಷೆ, ವಿಜ್ಞಾನ, ನಾಟಕ, ನಾಣ್ಯ ಹಾಗೂ ಕಾಲಗಣನೆಯ ಅಂಶಗಳು ಕನ್ನಡ ನಾಡನ್ನು ತಲುಪಿ ಇಲ್ಲಿನ ಬಾಳಿನಲ್ಲಿ ಬೆರೆತ ಪ್ರಕ್ರಿಯೆಯನ್ನು ಒಟ್ಟಾಗಿ ಕರ್ನಾಟಕದ ಮೇಲಿನ ಗ್ರೀಕ್ ಪ್ರಭಾವ ಎನ್ನುತ್ತಾರೆ. ಗ್ರೀಕರು ಕರ್ನಾಟಕವನ್ನು ಗೆದ್ದವರಲ್ಲ, ಇಲ್ಲಿ ಆಳಿದವರೂ ಅಲ್ಲ. ಕಡಲ ವ್ಯಾಪಾರ, ಜ್ಯೋತಿಷ ಗ್ರಂಥ, ಅರಬ್ಬಿ–ಪಾರಸಿ ವೈದ್ಯ ಮತ್ತು ಇಂಗ್ಲಿಷ್ ಶಿಕ್ಷಣ ಎಂಬ ನಾಲ್ಕು ದಾರಿಗಳಿಂದ, ಬೇರೆ ಬೇರೆ ಶತಮಾನಗಳಲ್ಲಿ, ಬಹುಪಾಲು ಮಧ್ಯವರ್ತಿಗಳ ಕೈಯಿಂದ ಈ ಪ್ರಭಾವ ಬಂದಿತು. ಈ ಲೇಖನ ಇಡೀ ಕರ್ನಾಟಕವನ್ನು ಕುರಿತದ್ದು. ಘಟ್ಟಕ್ಕೂ ಬಯಲುಸೀಮೆಗೂ ನಡುವೆ ಇರುವ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ ಸಂಬಂಧಿಸಿದ ಸಂಗತಿಗಳನ್ನು ಆಯಾ ಸಂದರ್ಭದಲ್ಲಿ ಹೇಳಿದೆ.

ಪರಿಭಾಷೆ

ಗ್ರೀಕರನ್ನು ಪ್ರಾಕೃತದಲ್ಲಿ ‘ಯೋನ’ ಎಂದೂ ಸಂಸ್ಕೃತದಲ್ಲಿ ‘ಯವನ’ ಎಂದೂ ಕರೆದರು. ಎರಡೂ ಏಷ್ಯಾ ಮೈನರಿನ ಅಯೋನಿಯ ಪ್ರಾಂತದ ಹೆಸರಿನಿಂದ ಬಂದವು. ಕ್ರಿಸ್ತಶಕದ ಮೊದಲ ಶತಮಾನಗಳ ಹೊತ್ತಿಗೆ ಈ ಮಾತು ಗ್ರೀಕ್ ಮಾತನಾಡುವ ಈಜಿಪ್ಟ್, ಸಿರಿಯಾಗಳ ವರ್ತಕರಿಗೂ ರೋಮನ್ ಪ್ರಜೆಗಳಿಗೂ ಸಲ್ಲುತ್ತಿತ್ತು. ಮಧ್ಯಕಾಲದ ಕನ್ನಡ ಕಾವ್ಯ, ಶಾಸನಗಳಲ್ಲಿ ಯವನರೆಂದರೆ ಸಾಮಾನ್ಯವಾಗಿ ತುರುಕರು. ಆದ್ದರಿಂದ ಹಳೆಯ ಬರಹದಲ್ಲಿ ‘ಯವನ’ ಎಂದು ಕಂಡಕೂಡಲೇ ಗ್ರೀಕ್ ಎಂದು ತಿಳಿಯುವಂತಿಲ್ಲ. ಕಾಲ ನೋಡಿ ಅರ್ಥ ಮಾಡಬೇಕು. ಅಲೆಕ್ಸಾಂಡರನ ಮರಣದ (ಕ್ರಿ.ಪೂ. 323) ಅನಂತರ ಗ್ರೀಸಿನ ಹೊರಗೆ, ಮುಖ್ಯವಾಗಿ ಅಲೆಕ್ಸಾಂಡ್ರಿಯದಲ್ಲಿ, ಈಜಿಪ್ಟ್ ಮತ್ತು ಬ್ಯಾಬಿಲೋನಿನ ವಿದ್ಯೆಗಳೊಡನೆ ಬೆರೆತು ಬೆಳೆದ ಗ್ರೀಕ್ ಸಂಸ್ಕೃತಿಗೆ ಹೆಲೆನಿಸ್ಟಿಕ್ ಸಂಸ್ಕೃತಿ ಎಂದು ಹೆಸರು. ಕರ್ನಾಟಕಕ್ಕೆ ಬಂದದ್ದು ಹೆಚ್ಚಾಗಿ ಇದೇ. ಅದಕ್ಕೂ ಹಿಂದಿನ, ಪೆರಿಕ್ಲೀಸನ ಕಾಲದ ಅಥೆನ್ಸಿನ ಸಂಸ್ಕೃತಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಪುಸ್ತಕಗಳ ಮೂಲಕ.

ಮೊದಲ ಸಂಪರ್ಕ

ಅಲೆಕ್ಸಾಂಡರನ ಸೇನಾನಿ ಸೆಲ್ಯೂಕಸನಿಗೂ ಚಂದ್ರಗುಪ್ತ ಮೌರ್ಯನಿಗೂ ಕ್ರಿ.ಪೂ. 305ರ ಸುಮಾರಿಗೆ ಯುದ್ಧ ನಡೆದು, ಒಪ್ಪಂದದಲ್ಲಿ ಮುಗಿಯಿತು. ಗ್ರೀಕ್ ರಾಯಭಾರಿ ಮೆಗಸ್ತನೀಸ್ ಪಾಟಲೀಪುತ್ರಕ್ಕೆ ಬಂದನು. ಇದೇ ಚಂದ್ರಗುಪ್ತ ಕೊನೆಗಾಲದಲ್ಲಿ ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ಮುಡಿಪಿದನೆಂದು ಜೈನ ಪರಂಪರೆ ಹೇಳುತ್ತದೆ.

ಚಂದ್ರಗುಪ್ತನ ಮೊಮ್ಮಗ ಅಶೋಕನ ಹದಿಮೂರನೆಯ ಬಂಡೆಶಾಸನದಲ್ಲಿ ಐವರು ಗ್ರೀಕ್ ಅರಸರ ಹೆಸರುಗಳಿವೆ. ಕಂದಹಾರದಲ್ಲಿ ಅಶೋಕನ ಶಾಸನಗಳ ಗ್ರೀಕ್ ಪಾಠವೇ ಸಿಕ್ಕಿದೆ. ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಪತ್ತೆಮಾಡಿದ ಕಿರುಶಾಸನಗಳಲ್ಲಿ ಗ್ರೀಕರ ಪ್ರಸ್ತಾಪವಿಲ್ಲ. ಆದರೆ ಅವುಗಳನ್ನು ಬರೆದ ಚಪಡನೆಂಬ ಲಿಪಿಕಾರ ಬ್ರಾಹ್ಮಿಯಲ್ಲಿ ಶಾಸನ ಮುಗಿಸಿ, ತನ್ನ ವೃತ್ತಿಸೂಚಕ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಂಧಾರ ಸೀಮೆಯ ಲಿಪಿ. ಗ್ರೀಕ್ ವಸಾಹತುಗಳು ಇದ್ದುದೂ ಆ ಗಡಿಯಲ್ಲೇ. ಚಪಡ ಗ್ರೀಕನಲ್ಲ, ಆದರೆ ಗ್ರೀಕ್ ಜಗತ್ತಿನ ಅಂಚಿನ ಬರವಣಿಗೆಯನ್ನು ಬಲ್ಲವನೊಬ್ಬ ವೇದಾವತಿಯ ಸೀಮೆಗೆ ಬಂದು ಕೆಲಸ ಮಾಡಿದ್ದಕ್ಕೆ ಕಲ್ಲಿನ ಸಾಕ್ಷಿ ಇದೆ. ಆ ವೇದಾವತಿ ರೂಪುಗೊಳ್ಳುವುದು ಕಡೂರು ತಾಲ್ಲೂಕಿನಲ್ಲಿ.

ಸಿಂಹಳದ ಮಹಾವಂಶ ಅಶೋಕನ ಕಾಲದ ಬೌದ್ಧ ಪ್ರಚಾರಕರ ಪಟ್ಟಿ ಕೊಡುತ್ತದೆ. ರಕ್ಖಿತ ವನವಾಸಕ್ಕೆ, ಮಹಾದೇವ ಮಹಿಷಮಂಡಲಕ್ಕೆ, ಯೋನ ಧಮ್ಮರಕ್ಖಿತ ಅಪರಾಂತಕ್ಕೆ ಹೋದರಂತೆ. ವನವಾಸವನ್ನು ಬನವಾಸಿ ಎಂದು ಗುರುತಿಸಲಾಗಿದೆ. ಕೊಂಕಣದ ಅಪರಾಂತಕ್ಕೆ ಹೋದ ಧಮ್ಮರಕ್ಖಿತ ಹೆಸರಿನಿಂದಲೇ ಗ್ರೀಕ್ ಮೂಲದವನು.

ಮಹಾರಾಷ್ಟ್ರದ ಕಾರ್ಲೆ ಗುಹೆಯ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಅಲ್ಲಿನ ಚೈತ್ಯದ ಹಲವು ಕಂಬಗಳ ಮೇಲೆ ದಾನಿಗಳಾದ ಯವನರ ಹೆಸರುಗಳಿವೆ. ಆ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ, ಎಂದರೆ ಬನವಾಸಿಯ, ಶ್ರೇಷ್ಠಿ ಭೂತಪಾಲನೆಂದು ಹೇಳುವ ಶಾಸನವೂ ಅಲ್ಲೇ ಇದೆ. ಕನ್ನಡ ನಾಡಿನ ವರ್ತಕನೊಬ್ಬನೂ ಯವನರೂ ಒಂದೇ ಧರ್ಮಕಾರ್ಯಕ್ಕೆ ಹಣ ಕೊಟ್ಟ ಪ್ರತ್ಯಕ್ಷ ದಾಖಲೆ ಇದು.

ಗ್ರೀಕ್ ಬರಹಗಳಲ್ಲಿ ಕನ್ನಡ ನಾಡು

ಮುಂಗಾರು ಮಾರುತದ ನೆರವಿನಿಂದ ಕೆಂಪು ಸಮುದ್ರದಿಂದ ಭಾರತದ ಪಶ್ಚಿಮ ಕರಾವಳಿಗೆ ನೇರವಾಗಿ ಬರುವ ಮಾರ್ಗವನ್ನು ಗ್ರೀಕ್ ನಾವಿಕರು ಅರಿತ ಮೇಲೆ ವ್ಯಾಪಾರ ಹೆಚ್ಚಿತು. ಒಂದನೆಯ ಶತಮಾನದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿ ಬಂದರುಗಳನ್ನೂ ಸರಕುಗಳನ್ನೂ ಸಾಲಾಗಿ ಹೇಳುತ್ತದೆ. ಪಶ್ಚಿಮ ಕರಾವಳಿಯ ಒಂದು ಭಾಗದಲ್ಲಿ ಕಡಲ್ಗಳ್ಳರ ಭಯವಿತ್ತೆಂಬುದು ಗ್ರೀಕ್–ರೋಮನ್ ಲೇಖಕರ ಸಾಮಾನ್ಯ ದೂರು. ರೋಮನ್ ಲೇಖಕ ಪ್ಲಿನಿ ಈ ಕಡಲ್ಗಳ್ಳರ ನೆಲೆಯೆಂದು ಹೇಳುವ ನಿತ್ರಿಯಾಸ್ ಎಂಬ ಸ್ಥಳವನ್ನು ನೇತ್ರಾವತಿಯ ಮುಖದ ಮಂಗಳೂರು ಸೀಮೆಯೆಂದು ಹಲವರು ಗುರುತಿಸಿದ್ದಾರೆ.

ಅಲೆಕ್ಸಾಂಡ್ರಿಯದ ಟಾಲೆಮಿ ಸುಮಾರು ಕ್ರಿ.ಶ. 150ರಲ್ಲಿ ಬರೆದ ಭೂಗೋಳ ಗ್ರಂಥದಲ್ಲಿ ಬನವಾಸಿಯ ಹೆಸರು ‘ಬನೌಅಸೆಯಿ’ ಎಂದಿದೆ. ಇದರ ಗುರುತಿನಲ್ಲಿ ಅನುಮಾನವಿಲ್ಲ. ಬದಿಯಮಯೊಯ್ ಬಾದಾಮಿ, ಮೊದೊಗೌಲ್ಲ ಮುದಗಲ್ಲು, ಪೆತಿರ್ಗಲ ಪಟ್ಟದಕಲ್ಲು ಎಂಬ ಗುರುತುಗಳು ಮುಖ್ಯವಾಗಿ ಧ್ವನಿಸಾಮ್ಯವನ್ನು ಆಧರಿಸಿವೆ. ಅವನ್ನು ಬನವಾಸಿಯಷ್ಟು ಖಚಿತವೆಂದು ಎಣಿಸಬಾರದು. ಟಾಲೆಮಿ ಸ್ವತಃ ಇಲ್ಲಿಗೆ ಬಂದವನಲ್ಲ, ನಾವಿಕರ ಮಾತು ಕೇಳಿ ಅಕ್ಷಾಂಶ–ರೇಖಾಂಶ ಹಾಕಿದವನು. ಆರನೆಯ ಶತಮಾನದ ಅಲೆಕ್ಸಾಂಡ್ರಿಯದ ಇನ್ನೊಬ್ಬ ಲೇಖಕ ಕಾಸ್ಮಾಸ್, ಮೆಣಸು ಸಾಗಿಸುವ ಬಂದರುಗಳ ಪಟ್ಟಿಯಲ್ಲಿ ‘ಮಂಗರೌತ್’ ಎಂದು ಮಂಗಳೂರನ್ನು ಹೆಸರಿಸುತ್ತಾನೆ.

ಗ್ರೀಕ್ ಪ್ರಹಸನ

ಗ್ರೀಕ್–ಕನ್ನಡ ಸಂಬಂಧದ ಚರ್ಚೆಯಲ್ಲಿ ಅತಿ ಹೆಚ್ಚು ಕುತೂಹಲ ಕೆರಳಿಸಿದ ದಾಖಲೆ ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್. ಗ್ರೆನ್‌ಫೆಲ್ ಮತ್ತು ಹಂಟ್ ಇದನ್ನು 1903ರಲ್ಲಿ 413ನೆಯ ಸಂಖ್ಯೆಯ ಪಪೈರಸ್ಸಾಗಿ ಪ್ರಕಟಿಸಿದರು. ಪ್ರತಿ ಕ್ರಿ.ಶ. ಎರಡನೆಯ ಶತಮಾನದ್ದು. ಕಥೆ ಸರಳವಾಗಿದೆ. ಕಾರಿಟಿಯನ್ ಎಂಬ ಗ್ರೀಕ್ ತರುಣಿ ಹಿಂದೂ ಮಹಾಸಾಗರದ ತೀರದ ಒಂದು ರಾಜ್ಯದಲ್ಲಿ ಸೆರೆಯಾಗಿದ್ದಾಳೆ. ದೇವಿಯ ಗುಡಿಯಲ್ಲಿ ಅವಳ ವಾಸ. ಅವಳನ್ನು ಬಿಡಿಸಲು ಅಣ್ಣ ತನ್ನವರೊಡನೆ ಹಡಗಿನಲ್ಲಿ ಬರುತ್ತಾನೆ. ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಅವರು ಮತ್ತರಾದಾಗ ಎಲ್ಲರೂ ಹಡಗೇರಿ ಪಾರಾಗುತ್ತಾರೆ. ವಿದೂಷಕನೊಬ್ಬ ಉದ್ದಕ್ಕೂ ಒರಟು ಹಾಸ್ಯ ಮಾಡುತ್ತಾನೆ. ಯೂರಿಪಿಡೀಸನ ‘ಟಾರಿಯನರ ನಡುವೆ ಇಫಿಗೆನಿಯ’ ನಾಟಕದ ಜಾಡು ಇದರಲ್ಲಿ ಸ್ಪಷ್ಟವಾಗಿದೆ.

ಆ ನಾಡಿನ ರಾಜನೂ ಜನರೂ ಆಡುವ ಮಾತು ಗ್ರೀಕ್ ಲಿಪಿಯಲ್ಲಿದೆ, ಗ್ರೀಕ್ ಭಾಷೆಯಲ್ಲಿಲ್ಲ. ಶಾಸನತಜ್ಞ ಹುಲ್ಟ್ಸ್ 1904ರಲ್ಲಿ ಅದರಲ್ಲಿ ಕನ್ನಡ ಇರಬಹುದೆಂದು ಸೂಚಿಸಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಆ ಜಾಡು ಹಿಡಿದು ‘ಕೊಂಚ’, ‘ಮಧು’, ‘ಪಾತ್ರ’ ಮುಂತಾದ ಪದಗಳನ್ನು ಓದಿದರು. ಮಂಜೇಶ್ವರದ ಗೋವಿಂದ ಪೈಗಳೂ ಇತಿಹಾಸಕಾರ ಬಿ. ಎ. ಸಾಲೆತೊರೆಯವರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ವಿದ್ವಾಂಸ ಎಲ್. ಡಿ. ಬಾರ್ನೆಟ್ ಕನ್ನಡ ಓದನ್ನು ಒಪ್ಪಲಿಲ್ಲ. ಮುಂದೆ ಅದು ತುಳು ಎಂಬ ವಾದವೂ ಬಂದು, ಉಡುಪಿ ಕರಾವಳಿಯ ಕಡೆಗೆ ಬೆರಳು ಮಾಡಿತು.

ವಾದದ ತೊಡಕು ಪಠ್ಯದಲ್ಲೇ ಇದೆ. ಪಪೈರಸ್ಸಿನಲ್ಲಿ ಪದಗಳ ನಡುವೆ ತೆರಪಿಲ್ಲ. ಎಲ್ಲಿ ಒಡೆದರೆ ಯಾವ ಪದ ಎನ್ನುವುದು ಓದುವವರ ಕೈಯಲ್ಲಿದೆ. ಗ್ರೀಕ್ ಲಿಪಿಗೆ ದ್ರಾವಿಡ ಧ್ವನಿಗಳನ್ನು ಪೂರ್ತಿ ಹಿಡಿಯುವ ಶಕ್ತಿ ಇಲ್ಲ. ಹೋಲಿಸಿ ನೋಡೋಣವೆಂದರೆ ಅದೇ ಕಾಲದ ಕನ್ನಡ ವಾಕ್ಯಗಳು ಬೇರೆಲ್ಲೂ ಉಳಿದಿಲ್ಲ. ಅದು ನಗೆಗಾಗಿ ಕಟ್ಟಿದ ಅರ್ಥವಿಲ್ಲದ ಮಾತೆಂಬ ಪಕ್ಷವೂ ಇದೆ. ಇದು ಕನ್ನಡವೆಂದು ಸಿದ್ಧವಾದರೆ ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನಕ್ಕಿಂತ ಕೆಲವು ಶತಮಾನ ಹಿಂದಿನ ಕನ್ನಡ ವಾಕ್ಯಗಳು ಸಿಕ್ಕಂತಾಗುತ್ತದೆ. ಆ ಆಸೆ ದೊಡ್ಡದು. ಆದರೆ ಸಾಕ್ಷ್ಯ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ.

ನಾಣ್ಯ ಮತ್ತು ವಸ್ತುಗಳು

ಅಜ್ಜಂಪುರದಿಂದ ಈಶಾನ್ಯಕ್ಕೆ, ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲಿರುವ ಚಂದ್ರವಳ್ಳಿ ಕಡೂರು–ತರೀಕೆರೆ–ಅಜ್ಜಂಪುರ ಸೀಮೆಗೆ ಅತಿ ಹತ್ತಿರದ ಮುಖ್ಯ ಪುರಾತತ್ತ್ವ ನೆಲೆ. ಎಂ. ಎಚ್. ಕೃಷ್ಣ 1929ರಲ್ಲಿಯೂ ಮಾರ್ಟಿಮರ್ ವ್ಹೀಲರ್ 1947ರಲ್ಲಿಯೂ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನ ನಾಣ್ಯಗಳ ಜೊತೆಗೆ ರೋಮನ್ ಬೆಳ್ಳಿ ದಿನಾರಿಗಳೂ, ಮೆಡಿಟರೇನಿಯನ್ ತಂತ್ರದ ನೆರಳಿರುವ ಚಕ್ರಾಂಕಿತ ಮಡಕೆಗಳೂ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದಿನಾರಿಗಳ ನಿಧಿ ದೊರೆಯಿತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನದ ನಾಣ್ಯಗಳು ಗ್ರೀಕ್ ನುಡಿಯ ಬೈಜಾಂಟಿಯಮ್ ಸಾಮ್ರಾಜ್ಯದವು. ಗಡಿಯಾಚೆಯ ಕೊಲ್ಹಾಪುರದ ಬ್ರಹ್ಮಪುರಿ ಉತ್ಖನನದಲ್ಲಿ ಗ್ರೀಕರ ಕಡಲದೇವತೆ ಪೊಸೈಡನ್‌ನ ಕಂಚಿನ ಪುಟ್ಟ ಮೂರ್ತಿ ಸಿಕ್ಕಿತು. ಈ ವಸ್ತುಗಳು ಸರಕಿನ ಓಡಾಟವನ್ನು ತೋರಿಸುತ್ತವೆ. ಇಷ್ಟರಿಂದಲೇ ಇಲ್ಲಿ ಗ್ರೀಕರು ನೆಲೆಸಿದ್ದರೆಂದು ಹೇಳಲಾಗದು.

ದಖನ್ನಿನ ಮಧ್ಯಕಾಲೀನ ಶಾಸನಗಳಲ್ಲಿ ಬರುವ ‘ದ್ರಮ್ಮ’ ಎಂಬ ನಾಣ್ಯದ ಹೆಸರಿನ ಮೂಲ ಗ್ರೀಕರ ದ್ರಖ್ಮೆ. ‘ಸುರಂಗ’ ಪದದ ಮೂಲ ಗ್ರೀಕಿನ ಸಿರಿಂಕ್ಸ್ ಎಂಬುದು ವಿದ್ವಾಂಸರ ಅಭಿಪ್ರಾಯ. ಕಾಸರಗೋಡಿನ ಕನ್ನಡಿಗರು ತೋಟದ ನೀರಿಗಾಗಿ ಗುಡ್ಡ ಕೊರೆದು ಮಾಡುವ ಸುರಂಗಕ್ಕೂ ಇದೇ ಹೆಸರು.

ಪಂಚಾಂಗ ಮತ್ತು ಜ್ಯೋತಿಷ

ಕರ್ನಾಟಕದ ಮೇಲೆ ಗ್ರೀಕ್ ಪ್ರಭಾವ ಅತಿ ಆಳವಾಗಿ ಇಳಿದಿರುವುದು ಪಂಚಾಂಗದಲ್ಲಿ. ಇದನ್ನು ಅಗೆದು ತೆಗೆಯಬೇಕಿಲ್ಲ. ಮನೆಮನೆಯ ಗೋಡೆಯ ಮೇಲಿದೆ.

ತಿಥಿ, ನಕ್ಷತ್ರಗಳು ಭಾರತೀಯ. ಏಳು ಗ್ರಹಗಳ ಹೆಸರಿನ ವಾರ ಮತ್ತು ಹನ್ನೆರಡು ರಾಶಿಗಳ ಚಕ್ರ ಹೆಲೆನಿಸ್ಟಿಕ್ ಜ್ಯೋತಿಷದಿಂದ ಬಂದವು. ರಾಶಿಚಕ್ರದ ಇನ್ನೂ ಹಿಂದಿನ ಬೇರು ಬ್ಯಾಬಿಲೋನಿನಲ್ಲಿದೆ. ವಾರಗಳ ಅನುಕ್ರಮಕ್ಕೆ ಕಾರಣ ‘ಹೋರಾ’ ಪದ್ಧತಿ. ಗ್ರಹಗಳನ್ನು ಆಗಿನ ತಿಳಿವಳಿಕೆಯಂತೆ ದೂರದಿಂದ ಹತ್ತಿರಕ್ಕೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಜೋಡಿಸಿ, ದಿನದ 24 ಹೋರೆಗಳಿಗೆ ಒಬ್ಬೊಬ್ಬರನ್ನು ಅಧಿಪತಿ ಮಾಡುತ್ತಾರೆ. ಮೊದಲ ಹೋರೆಯ ಅಧಿಪತಿಯ ಹೆಸರೇ ದಿನದ ಹೆಸರು. 24ನ್ನು 7ರಿಂದ ಭಾಗಿಸಿದರೆ 3 ಉಳಿಯುವುದರಿಂದ ಮರುದಿನದ ಮೊದಲ ಹೋರೆ ಈ ಸಾಲಿನಲ್ಲಿ ನಾಲ್ಕನೆಯ ಗ್ರಹಕ್ಕೆ ಸೇರುತ್ತದೆ. ರವಿಯಿಂದ ಎಣಿಸಿದರೆ ಚಂದ್ರ, ಚಂದ್ರನಿಂದ ಕುಜ, ಕುಜನಿಂದ ಬುಧ. ಹೀಗೆ ಭಾನುವಾರದ ಮಾರನೆಯ ದಿನ ಸೋಮವಾರವಾಯಿತು. ಭಾರತದ ಶಾಸನಗಳಲ್ಲಿ ವಾರದ ಉಲ್ಲೇಖ ಮೊದಲು ಕಾಣುವುದು ಮಧ್ಯಪ್ರದೇಶದ ಏರಣದ ಕ್ರಿ.ಶ. 484ರ ಶಾಸನದಲ್ಲಿ.

ಗ್ರೀಕ್ ಜ್ಯೋತಿಷವನ್ನು ಸಂಸ್ಕೃತಕ್ಕೆ ತಂದ ಹಳೆಯ ಕೃತಿ ಸ್ಫುಜಿಧ್ವಜನ ‘ಯವನಜಾತಕ’. ಅದರ ಕಾಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ವರಾಹಮಿಹಿರ ಆರನೆಯ ಶತಮಾನದಲ್ಲಿ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ, ಲೇಯ, ಪಾಥೋನ, ಜೂಕ ಎಂಬ ಹೆಸರುಗಳನ್ನೂ ಕೊಟ್ಟಿದ್ದಾನೆ. ಇವು ಗ್ರೀಕಿನ ಕ್ರಿಯೊಸ್, ಟೌರೊಸ್, ದಿದಿಮೊಯ್, ಲೆಯೋನ್, ಪಾರ್ಥೆನೊಸ್, ಜಿಗೋನ್‌ಗಳ ರೂಪಾಂತರ. ಈ ಹೆಸರುಗಳು ಬಳಕೆಯಿಂದ ಹೋದವು. ಬೇರೆ ಪಾರಿಭಾಷಿಕ ಪದಗಳು ಬಳಕೆಯಲ್ಲಿ ಉಳಿದಿವೆ: ಹೋರಾ, ಕೇಂದ್ರ, ಪಣಫರ, ಆಪೋಕ್ಲಿಮ, ದ್ರೇಕ್ಕಾಣ, ಲಿಪ್ತ, ಸುನಫಾ, ಅನಫಾ, ಕೇಮದ್ರುಮ. ಜಾತಕ ನೋಡಿ ‘ಗುರು ಕೇಂದ್ರದಲ್ಲಿದ್ದಾನೆ’ ಎನ್ನುವ ಜೋಯಿಸರು ಗ್ರೀಕಿನ ಕೆಂತ್ರೋನ್ ಪದವನ್ನೇ ಆಡುತ್ತಾರೆ. ಕನ್ನಡದಲ್ಲಿ ಈ ಶಾಸ್ತ್ರದ ಮೊದಲ ಗ್ರಂಥ ಶ್ರೀಧರಾಚಾರ್ಯನ ‘ಜಾತಕತಿಲಕ’ (1049). ಚಾಲುಕ್ಯ ಆಹವಮಲ್ಲನ ಕಾಲದ್ದು.

ಕಡೂರು–ತರೀಕೆರೆ ಸೀಮೆಗೆ ಈ ಕಾಲಗಣನೆ ತಲುಪಿರುವುದಕ್ಕೆ ಸಾಕ್ಷಿ ಹೊಯ್ಸಳರ ಕಾಲದ ಶಾಸನಗಳು. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವಾಗಿ ಕಡೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರ ತನಕ ಅದೇ ಹೆಸರಿತ್ತು. ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇಗುಲ 1196ರದು; ಅಲ್ಲಿನ ಶಾಸನ ಕವಿ ಜನ್ನನ ರಚನೆ. ಹೊಯ್ಸಳ ಶಾಸನಗಳ ರೂಢಿಯ ಕಾಲನಿರ್ದೇಶದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿಗಳ ಜೊತೆಗೆ ವಾರ ಇರುತ್ತದೆ. ಸಂಕ್ರಾಂತಿಯ ದಿನ ಕೊಟ್ಟ ದಾನಗಳು ಅನೇಕ. ಸಂಕ್ರಾಂತಿ ಎಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು. ರಾಶಿಚಕ್ರವಿಲ್ಲದೆ ಆ ಮಾತೇ ಇಲ್ಲ. ಗುಡಿಯ ದತ್ತಿಯಿಂದ ವಾರದ ಸಂತೆಯ ತನಕ ಈ ಗಣನೆ ಇಲ್ಲಿನ ಬಾಳನ್ನು ನಡೆಸಿದೆ. ಇದನ್ನು ಯಾರೂ ಹೊರಗಿನದೆಂದು ಎಣಿಸುವುದಿಲ್ಲ, ಎಣಿಸಬೇಕಾಗಿಯೂ ಇಲ್ಲ: ನಕ್ಷತ್ರ, ತಿಥಿಗಳೊಡನೆ ಬೆಸೆದು ಭಾರತೀಯ ಗಣಿತಜ್ಞರು ಕಟ್ಟಿದ್ದು ಬೇರೆಯೇ ಆದ ಶಾಸ್ತ್ರ.

ಯುನಾನಿ ವೈದ್ಯ

ಯುನಾನಿ ಎಂದರೆ ಅಯೋನಿಯದ್ದು, ಗ್ರೀಕರದ್ದು. ಹಿಪೊಕ್ರಾಟಿಸ್ ಮತ್ತು ಗ್ಯಾಲನ್‌ರ ವೈದ್ಯ ಸಿರಿಯಾಕ್, ಅರಬ್ಬಿ, ಪಾರಸಿಗಳ ಮೂಲಕ ಸಾಗಿ, ಇಬ್ನ್ ಸಿನಾನ ಕೈಯಲ್ಲಿ ಶಾಸ್ತ್ರರೂಪ ಪಡೆದು, ಮುಸ್ಲಿಂ ಅರಸರ ಕಾಲದಲ್ಲಿ ದಖನ್ನಿಗೆ ಬಂದಿತು. ದಮ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ರಸಗಳ ಸಮತೋಲವೇ ಆರೋಗ್ಯವೆಂಬುದು ಇದರ ತಳಹದಿ. ಕನ್ನಡ ನಾಡಿನಲ್ಲಿ ಉರ್ದು ಮಾತನಾಡುವ ಜನರಿರುವ ಊರುಗಳಲ್ಲಿ ಹಕೀಮರು ಇದನ್ನು ಉಳಿಸಿದರು. ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು.

ಕನ್ನಡ ಸಾಹಿತ್ಯ ಮತ್ತು ರಂಗಭೂಮಿ

ಪ್ರಾಚೀನ ಭಾರತೀಯ ನಾಟಕ ಗ್ರೀಕರಿಂದ ಹುಟ್ಟಿತೆಂದು ವಿದ್ವಾಂಸ ವಿಂಡಿಷ್ 1882ರಲ್ಲಿ ವಾದಿಸಿದನು; ಇನ್ನೊಬ್ಬ ವಿದ್ವಾಂಸ ಸಿಲ್ವಾನ್ ಲೆವಿ 1890ರಲ್ಲಿ ಅದನ್ನು ತಳ್ಳಿಹಾಕಿದನು. ಕಡೂರು–ಅಜ್ಜಂಪುರ ಬಯಲಿನ ಮೂಡಲಪಾಯ ಬಯಲಾಟದಲ್ಲಿಯೂ ಕರಾವಳಿಯ ಯಕ್ಷಗಾನದಲ್ಲಿಯೂ ಹಿಮ್ಮೇಳ, ಬಯಲ ರಂಗ, ದೇವತಾಪೂಜೆ ಇವೆಯೆಂದು ಗ್ರೀಕ್ ನಾಟಕದೊಡನೆ ಹೋಲಿಸುವುದುಂಟು. ಹೋಲಿಕೆ ಇದೆ, ಕೊಡುಕೊಳ್ಳುವಿಕೆಗೆ ಆಧಾರವಿಲ್ಲ.

ಕನ್ನಡ ಸಾಹಿತ್ಯದಲ್ಲಿ ಗ್ರೀಕ್ ಪ್ರಭಾವ ಖಚಿತವಾಗಿ ಆರಂಭವಾಗುವುದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರಿಂದ (1884–1946). ‘ಗದಾಯುದ್ಧ ನಾಟಕಂ’ನಲ್ಲಿ ಅವರು ರನ್ನನ ಚಂಪುವನ್ನು ಗ್ರೀಕ್ ಟ್ರ್ಯಾಜಿಡಿಯ ಮಾದರಿಯಲ್ಲಿ ದುರ್ಯೋಧನನ ಪತನದ ನಾಟಕವಾಗಿ ಜೋಡಿಸಿದರು. ‘ಅಶ್ವತ್ಥಾಮನ್’ (1929) ಸೊಫೊಕ್ಲೀಸನ ‘ಅಯಾಸ್’ ನಾಟಕದ ರೂಪಾಂತರ. ಮೂಲದಲ್ಲಿ ಉನ್ಮಾದದಿಂದ ದನಕುರಿಗಳನ್ನು ಶತ್ರುಗಳೆಂದು ಕಡಿದ ವೀರ, ಬುದ್ಧಿ ಮರಳಿದಾಗ ನಾಚಿ ಸಾಯುತ್ತಾನೆ. ಆ ಪಾತ್ರಕ್ಕೆ ಶ್ರೀಕಂಠಯ್ಯನವರು ಆರಿಸಿದ್ದು ಮಹಾಭಾರತದ ಚಿರಂಜೀವಿ ಅಶ್ವತ್ಥಾಮನನ್ನು. ಚಿರಂಜೀವಿ ರಂಗದ ಮೇಲೆ ತನ್ನನ್ನು ತಾನೇ ಕೊಂದುಕೊಂಡದ್ದು ಆಕ್ಷೇಪಕ್ಕೆ ಗುರಿಯಾಯಿತು. ಕಥೆಗೆ ಮಾತ್ರವಲ್ಲ, ಸಾವನ್ನು ಕುರಿತ ಗ್ರೀಕ್ ದೃಷ್ಟಿಗೇ ಕನ್ನಡದಲ್ಲಿ ಜಾಗ ಮಾಡಿದ ಕೃತಿ ಅದು. ಈ ಇಡೀ ಪರಂಪರೆಯಲ್ಲಿ ಅತ್ಯಂತ ಧೈರ್ಯದ ಹೆಜ್ಜೆ. ‘ಪಾರಸಿಕರು’ (1935) ಈಸ್ಕಿಲಸನ ಕ್ರಿ.ಪೂ. 472ರ ನಾಟಕದ ಕನ್ನಡ ರೂಪ. ಸಲಾಮಿಸ್ ಯುದ್ಧದಲ್ಲಿ ಸೋತ ಶತ್ರುವಿನ ಶೋಕವೇ ಅದರ ವಸ್ತು.

ಟ್ರ್ಯಾಜಿಡಿಗೆ ಕನ್ನಡದಲ್ಲಿ ಒಂದೇ ಹೆಸರು ನಿಲ್ಲಲಿಲ್ಲ. ರುದ್ರನಾಟಕ, ದುರಂತ ನಾಟಕ, ಗಂಭೀರ ನಾಟಕ ಎಂಬ ಮೂರೂ ಬಳಕೆಯಲ್ಲಿವೆ, ಕೊನೆಯದು ಎಸ್. ವಿ. ರಂಗಣ್ಣನವರ ‘ಪಾಶ್ಚಾತ್ಯ ಗಂಭೀರ ನಾಟಕಗಳು’ ಗ್ರಂಥದಿಂದ ಪ್ರಸಿದ್ಧ. ಎ. ಎನ್. ಮೂರ್ತಿರಾಯರ ‘ಸಾಕ್ರಟೀಸನ ಕೊನೆಯ ದಿನಗಳು’ ಪ್ಲೇಟೋನ ಸಂವಾದಗಳನ್ನು ಸಾಮಾನ್ಯ ಓದುಗರಿಗೆ ತಂದಿತು. ಆಗಿನ ಕಡೂರು ಜಿಲ್ಲೆಗೆ ಸೇರಿದ್ದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಹಾಕವಿಗಳಿಗೆ ನಮಿಸುವಾಗ ಹೋಮರನನ್ನು ಸ್ಮರಿಸುತ್ತಾರೆ. ಆ ಕಾವ್ಯದ ಮಹೋಪಮೆಗಳು ಹೋಮರನ ದೀರ್ಘ ಉಪಮೆಗಳ ಮಾದರಿಯವು. ಹೋಲಿಕೆಗೆ ಬಂದ ವಸ್ತು ಮಾತ್ರ ಮಲೆನಾಡಿನ ಕಾಡು, ಮಳೆ, ಬೇಟೆ. ಪಿ. ಲಂಕೇಶರು ಸೊಫೊಕ್ಲೀಸನ ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಆಡುಮಾತಿಗೆ ಹತ್ತಿರದ ಕನ್ನಡಕ್ಕೆ ತಂದರು. 1970ರ ದಶಕದ ಆರಂಭದಲ್ಲಿ ಬಿ. ವಿ. ಕಾರಂತರು ಬೆಂಗಳೂರಿನ ಬಯಲು ರಂಗದಲ್ಲಿ ‘ಈಡಿಪಸ್’ ಆಡಿಸಿದ್ದು ಆಧುನಿಕ ಕನ್ನಡ ರಂಗಭೂಮಿಯ ಮುಖ್ಯ ಘಟನೆಗಳಲ್ಲೊಂದು.

ಇಂದಿನ ಸ್ಥಿತಿ

ಕಡೂರು, ತರೀಕೆರೆ, ಅಜ್ಜಂಪುರಗಳ ಪ್ರೌಢಶಾಲೆಗಳಲ್ಲಿ ಮಕ್ಕಳು ಯೂಕ್ಲಿಡನ ರೇಖಾಗಣಿತ, ಥೇಲ್ಸ್ ಮತ್ತು ಪೈಥಾಗೊರಸ್ ಪ್ರಮೇಯಗಳನ್ನು ಕನ್ನಡ ಮಾಧ್ಯಮದಲ್ಲಿಯೇ ಕಲಿಯುತ್ತಾರೆ. ಕ್ರಿಸ್ತ, ಬೈಬಲ್, ಬಿಷಪ್ ಎಂಬ ಗ್ರೀಕ್ ಮೂಲದ ಮಾತುಗಳು ಮಿಶನರಿಗಳ ಕಾಲದಿಂದ ಬಳಕೆಯಲ್ಲಿವೆ. ಟೆಲಿಫೋನ್, ಸಿನಿಮಾ ಮುಂತಾದವು ಇಂಗ್ಲಿಷಿನ ಮೂಲಕ ಬಂದವು.

ಕನ್ನಡದಲ್ಲಿ ಗ್ರೀಕ್ ನಾಟಕ, ತತ್ತ್ವಶಾಸ್ತ್ರಗಳ ಅನುವಾದಗಳು ಬಹುಪಾಲು ಇಂಗ್ಲಿಷ್ ಅನುವಾದಗಳನ್ನು ಆಧರಿಸಿವೆ. ಗ್ರೀಕ್ ಪ್ರಹಸನದ ಪ್ರಶ್ನೆ ಬಗೆಹರಿಯಬೇಕಾದರೆ ಪಪೈರಸ್ ಲಿಪಿ, ಹೆಲೆನಿಸ್ಟಿಕ್ ಗ್ರೀಕ್, ಪೂರ್ವದ ಹಳಗನ್ನಡ, ತುಳು ಈ ನಾಲ್ಕನ್ನೂ ಬಲ್ಲ ವಿದ್ವಾಂಸರು ಬೇಕು. ಕರ್ನಾಟಕದ ವಿಶ್ವವಿದ್ಯಾಲಯಗಳು ಹಳೆಯ ಗ್ರೀಕ್ ಕಲಿಕೆಗೆ ಆಸಕ್ತ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವುದು ಅಗತ್ಯ.